ಇಸವಿ ಕೇಳುವ ಡ್ರೆಸ್ ಅಂಗಡಿ

ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ, ಹಳೆಯ ಕಟ್ಟಡದ ಮೇಲ್ಮಹಡಿಯ ಎರಡು ಉದ್ದನೆಯ ಕೋಣೆಗಳಲ್ಲಿ, ನಾಟಕದ ಉಡುಪುಗಳನ್ನು ಹೊಲಿದು ಬಾಡಿಗೆಗೆ ಕೊಡುವ ಅಂಗಡಿಯೊಂದು ನಡೆಯುತ್ತಿದೆ. ಅದಕ್ಕೆ ಹೆಸರಿನ ಫಲಕವಿಲ್ಲ. ನಾಟಕದವರೆಲ್ಲ ‘ಡ್ರೆಸ್ ಅಂಗಡಿ’ ಎಂದೇ ಕರೆಯುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಕೃಷ್ಣ, ಒನಕೆ ಓಬವ್ವ, ವಿವೇಕಾನಂದರ ಉಡುಪುಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳು ಊರಿನಲ್ಲಿ ಬೇರೆಯೂ ಇವೆ. ಅಲ್ಲಿ ಮೊದಲು ಕೇಳುವುದು ಮಗುವಿನ ವಯಸ್ಸನ್ನು ಮತ್ತು ಮುಂಗಡವನ್ನು. ಇಲ್ಲಿ ಕತ್ತರಿ ಹಿಡಿಯುವ ಹಿರಿಯ ಮಾಸ್ಟರ್ ಕನ್ನಡಕ ಸರಿಮಾಡಿಕೊಂಡು, “ಕಥೆ ಯಾವ ಇಸವೀದು ಸಾರ್?” ಎಂದು ಕೇಳುತ್ತಾರೆ. ಉತ್ತರ ಸಿಗುವ ತನಕ ಅಳತೆಯ ಟೇಪು ಕೊರಳಿನಿಂದ ಕೆಳಗೆ ಇಳಿಯುವುದಿಲ್ಲ. ಈ ಅಂಗಡಿಯ ಬಗ್ಗೆ ನನಗಿರುವ ಮೆಚ್ಚುಗೆಯೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು. ತಕರಾರುಗಳೆಲ್ಲ ಆ ಪ್ರಶ್ನೆಯನ್ನು ಅವರು ಕೇಳದೆ ಬಿಟ್ಟ ಜಾಗಗಳಿಂದ ಹುಟ್ಟಿದವು.

ನಮ್ಮ ಹವ್ಯಾಸಿ ತಂಡವು ಕೆಳದಿಯ ರಾಣಿ ಚೆನ್ನಮ್ಮನನ್ನು ಕುರಿತ ಹೊಸ ನಾಟಕವೊಂದನ್ನು ಕುವೆಂಪು ರಂಗಮಂದಿರದಲ್ಲಿ ಆಡಿತು. ನಾಟಕದ ನಡುಭಾಗ 1689ರ ಸುಮಾರಿನದು. ಸಂಭಾಜಿಯ ಹತ್ಯೆಯಾದ ಮೇಲೆ ಶಿವಾಜಿಯ ಕಿರಿಯ ಮಗ ರಾಜಾರಾಮನು ಮೊಘಲ್ ಸೈನ್ಯದ ಕೈಗೆ ಸಿಗದೆ ದಕ್ಷಿಣದ ಜಿಂಜಿ ಕೋಟೆಯತ್ತ ಹೋಗುವಾಗ ಕೆಳದಿಯ ಸೀಮೆಯಲ್ಲಿ ಆಶ್ರಯ ಪಡೆದದ್ದು, ಆಶ್ರಯ ಕೊಟ್ಟ ಕಾರಣಕ್ಕೆ ಔರಂಗಜೇಬನ ಸೈನ್ಯವು ಕೆಳದಿಯವರ ರಾಜಧಾನಿ ಬಿದನೂರಿನ ಮೇಲೆ ಏರಿ ಬಂದದ್ದು, ಚೆನ್ನಮ್ಮ ಅದನ್ನು ಎದುರಿಸಿದ್ದು, ಇಷ್ಟು ಕಥೆ. ಉಡುಪಿನ ಲೆಕ್ಕದಲ್ಲಿ ನೋಡಿದರೆ ರಂಗದ ಮೇಲೆ ನಾಲ್ಕು ಬಗೆಯ ಜನ: ಕೆಳದಿಯ ಅರಮನೆಯವರು, ಜಂಗಮರು ಮತ್ತು ಊರಿನವರು, ತಲೆಮರೆಸಿಕೊಂಡು ಬಂದ ಮರಾಠರು, ಮೊಘಲ್ ಸೈನಿಕರು. ಬಾಯಿ ತೆರೆಯುವ ಮೊದಲೇ ಯಾರು ಯಾವ ಕಡೆಯವರೆಂಬುದು ಪ್ರೇಕ್ಷಕರಿಗೆ ತಿಳಿಯಬೇಕು, ಆದರೆ ಕ್ಯಾಲೆಂಡರಿನ ರಾಜರಾಣಿಯರು ಎದ್ದು ಬಂದಂತೆ ಕಾಣಬಾರದು ಎಂಬುದಷ್ಟೇ ನಮ್ಮ ನಿರ್ದೇಶಕರ ಬೇಡಿಕೆಯಾಗಿತ್ತು.

ಈ ಬೇಡಿಕೆ ಕೇಳಲು ಸುಲಭ, ಹೊಲಿಯಲು ಕಷ್ಟ. ನಮ್ಮ ಕಣ್ಣಿನಲ್ಲಿ ಕುಳಿತಿರುವ ‘ಹಳೆಯ ಕಾಲ’ವು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಯಾರಾದದ್ದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಮನೆಮನೆಯ ಗೋಡೆಗೆ ಬಂದ ಚಿತ್ರಪಟಗಳು, ಪಾರ್ಸಿ ರಂಗಭೂಮಿಯಿಂದ ನಮ್ಮ ಕಂಪನಿ ನಾಟಕಗಳಿಗೆ ಇಳಿದ ಮಖಮಲ್ಲಿನ ಕೋಟು ಮತ್ತು ಜರಿಯ ಪಟ್ಟಿಗಳು, ಆಮೇಲೆ ಸಿನಿಮಾ, ಇವೆಲ್ಲ ಸೇರಿ ಕದಂಬರಿಂದ ಒಡೆಯರ ತನಕ ಎಲ್ಲ ಅರಸರಿಗೂ ಒಂದೇ ಅಂಗಿಯನ್ನು ತೊಡಿಸಿಬಿಟ್ಟಿವೆ. ಕಂಪನಿ ನಾಟಕದ ಉಡುಪನ್ನು ನಾನು ಹಳಿಯುತ್ತಿಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹಿಂದಿನ ಸಾಲಿನವರೆಗೂ ಮಿಂಚಬೇಕಾದ ಅಗತ್ಯ ಅದಕ್ಕಿತ್ತು, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಆದರೆ 1689ರ ಮಲೆನಾಡಿನಲ್ಲಿ ನಡೆಯುವ, ಮಾತು ಕಡಿಮೆಯಿರುವ ನಾಟಕಕ್ಕೆ ಅದು ಹೊಂದುವುದಿಲ್ಲ.

ಇಸವಿಯನ್ನು ಹೇಳಿದ ಕೂಡಲೇ ಏನೇನು ಉದುರಿಹೋಗುತ್ತದೆ ಎಂಬುದನ್ನು ಮಾಸ್ಟರ್ ಬೆರಳು ಮಡಚಿ ಹೇಳಿದರು. ರಾಸಾಯನಿಕ ಬಣ್ಣ ಬಂದದ್ದು 1856ರ ನಂತರ, ಆದ್ದರಿಂದ ಕಣ್ಣು ಕುಕ್ಕುವ ನೇರಳೆ ಮತ್ತು ಗಿಳಿಹಸಿರು ಬೇಡ. ಹುಕ್ಕು ಹಾಕಿದ ಪಫ್ ತೋಳಿನ ರವಿಕೆ ಬ್ರಿಟಿಷರ ಕಾಲದ್ದು, ಬೇಡ. ಪಾಲಿಯೆಸ್ಟರಿನ ಸ್ಯಾಟಿನ್ನು ಸರ್ವಥಾ ಬೇಡ. ಹಾಗೆಂದು ಅವರು ಮಡಿವಂತರಲ್ಲ. ಒಳಗಿನ ಹೊಲಿಗೆಯೆಲ್ಲ ಮಿಷಿನ್ನಿನದೇ. ಬೇಗ ಬದಲಿಸಬೇಕಾದ ಉಡುಪಿಗೆ ವೆಲ್ಕ್ರೋ, ಟಿಚ್‌ಬಟನ್ನು, ಲಾಡಿಯ ಬದಲು ಎಲಾಸ್ಟಿಕ್ಕು ಎಲ್ಲವನ್ನೂ ಧಾರಾಳವಾಗಿ ಬಳಸುತ್ತಾರೆ. ಐದನೆಯ ಸಾಲಿನಲ್ಲಿ ಕುಳಿತವನಿಗೆ ಕಾಣುವುದು ಬಟ್ಟೆಯ ಇಳಿಬೀಳು, ಒಟ್ಟು ಆಕಾರ ಮತ್ತು ಬಣ್ಣ. ಈ ಮೂರು ಮಾತ್ರ ಆ ಕಾಲಕ್ಕೆ ಹೊಂದಬೇಕು, ಉಳಿದದ್ದು ನಟನ ಅನುಕೂಲಕ್ಕೆ ಹೊಂದಬೇಕು ಎಂಬುದು ಅವರ ನಿಲುವು. ರಂಗದ ಉಡುಪಿನ ವಿಷಯದಲ್ಲಿ ಇದಕ್ಕಿಂತ ವಿವೇಕದ ನಿಲುವನ್ನು ನಾನು ಬೇರೆಡೆ ಕಂಡಿಲ್ಲ.

ಅಂಗಡಿಯ ಅತ್ಯುತ್ತಮ ಕೆಲಸವೆಂದರೆ ಮೊಘಲ್ ಸೈನಿಕರಿಗೆ ಹೊಲಿದ ಜಾಮಾ ಎಂಬ ನಿಲುವಂಗಿಗಳು. ಸಾಮಾನ್ಯವಾಗಿ ಬಾಡಿಗೆಗೆ ಸಿಗುವ ‘ಮೊಘಲ್ ಸೆಟ್’ ಎಂದರೆ ಹಸಿರು ಸ್ಯಾಟಿನ್ನಿನ ಶೇರವಾನಿ, ನಡುವೆ ಸಾಲುಗುಂಡಿ, ಮೇಲೊಂದು ಗರಿ ಸಿಕ್ಕಿಸಿದ ಟೋಪಿ. ಜಾಮಾಕ್ಕೆ ನಡುವೆ ಗುಂಡಿಯಿರುವುದಿಲ್ಲ. ಎದೆಯ ಮೇಲೆ ಒಂದು ಭಾಗ ಇನ್ನೊಂದರ ಮೇಲೆ ಅಡ್ಡಲಾಗಿ ಬಂದು ಕಂಕುಳ ಕೆಳಗೆ ಕಸೆಗಳಿಂದ ಕಟ್ಟಿಕೊಳ್ಳುತ್ತದೆ. ಮುಸಲ್ಮಾನರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುವುದು ಆ ದರಬಾರಿನ ವಾಡಿಕೆ. ಔರಂಗಜೇಬನ ಸೈನ್ಯದಲ್ಲಿ ರಜಪೂತರೂ ಇದ್ದರಲ್ಲ, ಹಾಗಾಗಿ ನಿಮ್ಮ ಸೈನಿಕರಲ್ಲಿ ಇಬ್ಬರಿಗೆ ಕಸೆಯನ್ನು ಎಡಕ್ಕೆ ಇಡಲೇ ಎಂದು ಮಾಸ್ಟರ್ ಕೇಳಿದಾಗ ನಿರ್ದೇಶಕರು ಕ್ಷಣಕಾಲ ಸುಮ್ಮನಾದರು. ನಂತರ ಆ ಇಬ್ಬರಿಗಾಗಿ ಒಂದು ಚಿಕ್ಕ ಮಾತುಕತೆಯನ್ನೇ ಬರೆಸಿದರು. ಉಡುಪಿನವರ ಸಲಹೆಯಿಂದ ನಾಟಕದ ಪಠ್ಯಕ್ಕೆ ಒಂದು ದೃಶ್ಯ ಸೇರುವುದು ಅಪರೂಪ.

ಆ ಜಾಮಾಗಳ ಕೆಳಭಾಗದ ಘೇರು ಕೂಡ ಲೆಕ್ಕಾಚಾರದ್ದು. ಅಕ್ಬರನ ಕಾಲದ ಚಿತ್ರಗಳಲ್ಲಿ ಜಾಮಾದ ಅಂಚು ಮೂಲೆಮೂಲೆಯಾಗಿ ಇಳಿಯುತ್ತದೆ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ದುಂಡಗಾಗಿ, ಮೊಣಕಾಲಿನಿಂದ ಕೆಳಕ್ಕೆ ಬಂದು, ನೆರಿಗೆ ಹೆಚ್ಚಾಗಿರುತ್ತದೆ. ಅಂಗಡಿಯವರು ಎರಡನೆಯದನ್ನೇ ಆರಿಸಿ, ತೆಳುವಾದ ಮಲ್‌ಮಲ್ ಬಟ್ಟೆಯಲ್ಲಿ ತ್ರಿಕೋನದ ಪಟ್ಟಿಗಳನ್ನು ಕೂಡಿಸಿ ಹೊಲಿದಿದ್ದರು. ಕತ್ತಿವರಸೆಯಲ್ಲಿ ನಟ ಗಿರ್ರನೆ ತಿರುಗಿದಾಗ ಆ ಘೇರು ಅರಳಿ ಮತ್ತೆ ಕಾಲಿಗೆ ಸುತ್ತಿಕೊಳ್ಳದೆ ಇಳಿಯಿತು. ಅಚ್ಚಬಿಳಿಯ ಬಟ್ಟೆ ಮುಂದಿನಿಂದ ಬೀಳುವ ಎಲ್‌ಇಡಿ ಬೆಳಕಿನಲ್ಲಿ ನಟನ ಮುಖವನ್ನೇ ನುಂಗಿಬಿಡುತ್ತದೆ. ಅದನ್ನು ತಪ್ಪಿಸಲು ಎಲ್ಲ ಬಿಳಿಯನ್ನೂ ಚಹಾ ಕುದಿಸಿದ ನೀರಿನಲ್ಲಿ ಅದ್ದಿ ತೆಗೆದಿದ್ದರು. ಹತ್ತಿರದಿಂದ ಅದು ಮಾಸಿದ ಬಿಳಿ. ರಂಗದ ಮೇಲೆ ಅದೇ ಸರಿಯಾದ ಬಿಳಿ.

ಬಣ್ಣದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಶಿವಮೊಗ್ಗದಲ್ಲಿ ಕುಳಿತು ಉಡುಪು ಮಾಡುವವರಿಗೆ ಬೆಂಗಳೂರಿನವರಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಚೊಗರು ಬಟ್ಟೆಗೆ ಒಳ್ಳೆಯ ಕೆಂಗಂದು ಬಣ್ಣ ಕೊಡುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳನ್ನು ನೋಡಿದವರಿಗೆ ಈ ಬಣ್ಣದ ಪರಿಚಯ ಇರುತ್ತದೆ. ಈ ಅಂಗಡಿಯವರು ಕೈಮಗ್ಗದ ಬಿಳಿಯ ಥಾನುಗಳನ್ನು ಕೊಂಡು, ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ತೀರ್ಥಹಳ್ಳಿ ಕಡೆಯಿಂದ ತರಿಸಿದ ಚೊಗರಿನಲ್ಲಿ ತಾವೇ ಅದ್ದುತ್ತಾರೆ. ಸ್ಫಟಿಕ (ಆಲಮ್) ಹಾಕಿದರೆ ಬಣ್ಣ ಕೆಂಪಿನ ಕಡೆಗೆ ತಿಳಿಯಾಗಿ ನಿಲ್ಲುತ್ತದೆ. ತುಕ್ಕುಹಿಡಿದ ಕಬ್ಬಿಣ ನೆನೆಸಿದ ನೀರು ಹಾಕಿದರೆ ಚೊಗರಿನ ಒಗರೂ ಕಬ್ಬಿಣವೂ ಕೂಡಿ ಬಹುತೇಕ ಕಪ್ಪಾಗುತ್ತದೆ. ಒಂದೇ ಹಂಡೆಯಿಂದ ಊರಿನವರಿಗೆ ತಿಳಿಗಂದು, ಅರಮನೆಯ ಕಾವಲಿನವರಿಗೆ ಕೆಂಗಂದು, ಚೆನ್ನಮ್ಮನ ದಳವಾಯಿಗೆ ಕಪ್ಪುಗಂದು ಹೊರಬಂದವು. ರಂಗದ ಮೇಲೆ ಇವರೆಲ್ಲ ಒಟ್ಟಿಗೆ ನಿಂತಾಗ ಒಂದೇ ನೆಲದ ಜನರಂತೆ ಕಂಡರು. ಚಹಾದಲ್ಲಿ ಅದ್ದಿದ ಬಿಳಿಯ ಜಾಮಾಗಳು ಒಳಕ್ಕೆ ನುಗ್ಗಿದಾಗ, ಇವರು ಹೊರಗಿನವರು ಎಂದು ಯಾರೂ ಹೇಳಬೇಕಾಗಲಿಲ್ಲ.

ಬಟ್ಟೆಯನ್ನು ಕತ್ತರಿಸುವ ಮೊದಲು ಮಾಸ್ಟರ್ ಬೆಳಕಿನ ವಿನ್ಯಾಸದ ಹುಡುಗನನ್ನು ಕರೆಸಿದ್ದು ನನಗೆ ಬಹಳ ಹಿಡಿಸಿತು. “ತಮ್ಮಾ, ರಾತ್ರಿ ಸೀನಿಗೆ ನೀಲಿ ಎಷ್ಟು ಹಾಕ್ತೀಯ?” ಎಂದು ವಿಚಾರಿಸಿ, ಹಿಂದಿನ ಕೋಣೆಯಲ್ಲಿ ನೀಲಿ ಹಾಳೆ ಸುತ್ತಿದ ಬಲ್ಬಿನ ಕೆಳಗೆ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹಿಡಿದು ತೋರಿಸಿದರು. ನಾವು ರಾಣಿಗೆಂದು ಆರಿಸಿದ್ದ ಕೆಂಪು ಅಲ್ಲಿ ಮಸಿಯಂತಾಯಿತು. ಕೆಂಪು ಬಟ್ಟೆ ಕಾಣಬೇಕಾದರೆ ಬೆಳಕಿನಲ್ಲಿ ಕೆಂಪು ಇರಬೇಕು, ನೀಲಿಯಷ್ಟೇ ಬಿದ್ದರೆ ಅದು ಮರಳಿ ಕೊಡುವುದು ಏನೂ ಇಲ್ಲ. ಪುಸ್ತಕ ಓದಿ ತಿಳಿದವರಿಗೆ ಇದು ಹೊಸದಲ್ಲ. ಆದರೆ ಗಿರಾಕಿಯ ಮುಂದೆ ಬಲ್ಬು ಹಚ್ಚಿ ತೋರಿಸಿ, ದುಬಾರಿ ಬಟ್ಟೆಯ ವ್ಯಾಪಾರವನ್ನು ತಾನೇ ಬೇಡವೆನ್ನುವ ಅಂಗಡಿಯವರು ಎಷ್ಟು ಮಂದಿ?

ರಾಜಾರಾಮನ ಉಡುಪು ಅವರ ಜಾಣ್ಮೆಗೆ ಇನ್ನೊಂದು ಸಾಕ್ಷಿ. ಅವನೂ ಅವನ ಜೊತೆಯವರೂ ಲಿಂಗಾಯತ ಯಾತ್ರಿಕರ ವೇಷದಲ್ಲಿ ಕನ್ನಡ ಸೀಮೆಯನ್ನು ದಾಟಿದರೆಂದು ಮರಾಠರ ಇತಿಹಾಸವನ್ನು ಬರೆದವರು ಹೇಳುತ್ತಾರೆ. ಹತ್ತೊಂಬತ್ತು ವರ್ಷದ ರಾಜಕುಮಾರ ಕಾವಿ ಹೊದ್ದು, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಕರಡಿಗೆ ತೂಗಿಸಿಕೊಂಡು ಅರಮನೆಯ ಬಾಗಿಲಿಗೆ ಬರುತ್ತಾನೆ. ಚೆನ್ನಮ್ಮನ ಎದುರಿನಲ್ಲಿ ಮಾತ್ರ ತಾನು ಯಾರೆಂಬುದನ್ನು ತೋರಿಸಬೇಕು. ಇದಕ್ಕೆ ಅವರು ಜಾಜಿನಲ್ಲಿ ಅದ್ದಿದ ದೊಗಲೆ ನಿಲುವಂಗಿಯನ್ನು ಹೊಲಿದು, ಹೆಗಲಿನ ಎರಡೂ ಕಡೆ ಒಂದೇ ದಾರಕ್ಕೆ ಸಿಕ್ಕಿಸಿದ ಮಡಿಕೆಗಳನ್ನಿಟ್ಟಿದ್ದರು. ದಾರವನ್ನು ಎಳೆದರೆ ಕಾವಿ ಪೂರ್ತಿಯಾಗಿ ಕಾಲ ಬುಡಕ್ಕೆ ಜಾರಿ, ಒಳಗಿನ ಬಿಗಿಯಾದ ಅಂಗರಖಾ ಕಾಣುತ್ತದೆ. ಪ್ರದರ್ಶನದ ದಿನ ಅದು ಒಂದು ಕ್ಷಣವೂ ತೊಡರಿಕೊಳ್ಳಲಿಲ್ಲ. ಒಳಗಿನ ಅಂಗರಖಾದ ಅಂಚು ಮೊದಲ ಪ್ರವೇಶದಲ್ಲೇ ಕೊಂಚ ಇಣುಕುವಂತೆ ಬಿಟ್ಟದ್ದು ಬೇಕೆಂದೇ ಮಾಡಿದ್ದಂತೆ. ಕಾವಲಿನವನಿಗೆ ಗೊತ್ತಾಗಬಾರದು, ಮುಂದಿನ ಸಾಲಿನವರಿಗೆ ಅನುಮಾನ ಬರಬೇಕು ಎಂದರು.

ಚೆನ್ನಮ್ಮನ ಉಡುಪಿನಲ್ಲಿ ಚರ್ಚೆ ಬಹಳ ನಡೆಯಿತು. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ರಾಜ್ಯವಾಳಿದವಳು ಅವಳು. ನಿರ್ದೇಶಕರು ಬಿಳಿ ಬೇಕೆಂದರು, ನಟಿ ಬೇಡವೆಂದಳು, ಮಾಸ್ಟರ್ ಚೊಗರಿನ ಗಾಢವಾದ ಕಂದು ಬಣ್ಣದ ಮೇಲೆ ತೆಳುವಾದ ಅರಿಸಿನ ಅಂಚಿರುವ ಒಂಬತ್ತು ಗಜದ ಸೀರೆಯನ್ನು ತಂದಿಟ್ಟರು. ಕಚ್ಚೆ ಹಾಕಿ ಉಟ್ಟದ್ದರಿಂದ ಒಳಲಂಗದ ಅಗತ್ಯ ಬೀಳಲಿಲ್ಲ, ಯುದ್ಧದ ದೃಶ್ಯದಲ್ಲಿ ಕಾಲು ಎಡವಲೂ ಇಲ್ಲ. ಮೇಲೆ ಗುಳೇದಗುಡ್ಡದ ಖಣದಲ್ಲಿ ಹೊಲಿದ, ಮುಂದೆ ಗಂಟು ಹಾಕುವ ಕುಪ್ಪಸ. ಮಲೆನಾಡಿನ ರಾಣಿಗೆ ಬಯಲುಸೀಮೆಯ ಖಣ ಏಕೆ ಎಂದು ತಂಡದ ಹಿರಿಯರೊಬ್ಬರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಅರ್ಥವಿದೆ, ಆದರೂ ಅರಮನೆಗೆ ಘಟ್ಟದ ಕೆಳಗಿನ ಬಂದರುಗಳಿಂದಲೂ ಬಯಲಿನಿಂದಲೂ ಸರಕು ಬರುತ್ತಿದ್ದ ರಾಜ್ಯ ಅದು. ಆ ಕುಪ್ಪಸ ನನ್ನ ಕಣ್ಣಿಗೆ ಅಡ್ಡಿಯಾಗಲಿಲ್ಲ. ಊರಿನ ಹೆಂಗಸರ ಪಾತ್ರಗಳಿಗೆ ಮಲೆನಾಡಿನ ರೀತಿಯ ಗೊಬ್ಬೆ ಸೀರೆ ಉಡಿಸಬೇಕೆಂದಾಗ ಅಂಗಡಿಯಲ್ಲಿ ಅದು ಬಲ್ಲವರಿರಲಿಲ್ಲ. ನಮ್ಮ ನಟಿಯೊಬ್ಬರ ಅಜ್ಜಿ ಬಂದು ಉಡಿಸಿಕೊಟ್ಟರು, ಅಂಗಡಿಯ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಅದನ್ನು ಚಿತ್ರಿಸಿಕೊಂಡರು.

ಕೊರಳಿನ ಕೆಳಗೆ ಇಷ್ಟು ಎಚ್ಚರಿಕೆಯಿಂದ ಕೆಲಸ ಮಾಡುವ ಅಂಗಡಿಯು ತಲೆಗೆ ಬಂದಾಗ ಮಾತ್ರ ಕೈಚೆಲ್ಲುತ್ತದೆ. ಪೇಟಗಳೆಲ್ಲ ರಟ್ಟಿನ ಮೇಲೆ ಅಂಟಿಸಿದ ಸಿದ್ಧ ಮಾಲು. ಕೆಳದಿಯ ಪ್ರಧಾನಿಗಳಿಗೆಂದು ಕೊಟ್ಟದ್ದು ಅಪ್ಪಟ ಮೈಸೂರು ಪೇಟ. ಅದನ್ನು ಇಟ್ಟುಕೊಂಡ ನಟ ಚೆನ್ನಮ್ಮನ ಸಭೆಯಿಂದ ನೇರವಾಗಿ ಒಡೆಯರ ದಸರಾ ದರಬಾರಿಗೆ ಹೊರಟವನಂತೆ ಕಂಡ. ರಾಜಾರಾಮನಿಗೆ ಕೊಟ್ಟ ಪಗಡಿಯಂತೂ ಪುಣೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಮಾದರಿಯದು, ಅಂದರೆ ಶಿವಾಜಿಯ ಮಗನ ತಲೆಯ ಮೇಲೆ ನ್ಯಾಯಮೂರ್ತಿ ರಾನಡೆಯವರ ಕಾಲದ ಪಗಡಿ. ಎದೆಯ ಕಸೆ ಎಡಕ್ಕೋ ಬಲಕ್ಕೋ ಎಂದು ಯೋಚಿಸಿದವರು ಇದನ್ನು ಹೇಗೆ ದಾಟಿಬಿಟ್ಟರೆಂದು ಕೇಳಿದಾಗ, ಪೇಟವನ್ನು ಹೊರಗಿನಿಂದ ಸಗಟಿನಲ್ಲಿ ತರಿಸುತ್ತೇವೆ, ಕಟ್ಟಲು ಬರುವವರು ಈಗ ಇಲ್ಲ ಎಂಬ ಉತ್ತರ ಬಂತು. ಪ್ರಾಮಾಣಿಕವಾದ ಉತ್ತರವೇ ಹೌದು, ಆದರೆ ಒಪ್ಪುವಂಥದ್ದಲ್ಲ. ದೂರದಿಂದ ನೋಡುವವರಿಗೆ ಪಾತ್ರದ ಗುರುತು ಮೊದಲು ಸಿಗುವುದು ತಲೆಯ ಆಕಾರದಿಂದಲೇ. ಅಲ್ಲಿ ಇಸವಿ ತಪ್ಪಿದರೆ ಕೆಳಗಿನ ಎಲ್ಲ ದುಡಿಮೆಗೂ ಮಂಕು ಕವಿಯುತ್ತದೆ.

ಕೊನೆಗೆ ನಾವು ಉದ್ದನೆಯ ಮಲ್‌ಮಲ್ ಪಟ್ಟಿಗಳನ್ನು ಅವರಿಂದಲೇ ಕೊಂಡು, ಚೊಗರಿನಲ್ಲಿ ಅದ್ದಿಸಿ, ರುಮಾಲುಗಳನ್ನು ನಟರ ತಲೆಗೇ ನೇರವಾಗಿ ಕಟ್ಟಿದೆವು. ಹಿರಿಯ ಪ್ರಧಾನಿಯ ಪಾತ್ರಕ್ಕೆ ಮಾತ್ರ ಎತ್ತರದ ಕುಲ್ಲಾಯಿಯನ್ನು ಹೊಲಿಸಿದೆವು. ಅದು ವಿಜಯನಗರದವರ ಟೋಪಿ. ಹದಿನಾರನೆಯ ಶತಮಾನದ ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿಯೂ ತಿರುಮಲೆಯ ಕೃಷ್ಣದೇವರಾಯನ ಪ್ರತಿಮೆಯ ತಲೆಯ ಮೇಲೂ ಕಾಣುತ್ತದೆ. 1689ಕ್ಕೆ ಅದು ಹಳೆಯದಾಯಿತೆಂದು ವಾದಿಸುವವರಿಗೆ ನನ್ನ ಉತ್ತರ ಇಷ್ಟೇ: ಕೆಳದಿಯ ನಾಯಕರು ವಿಜಯನಗರದ ಸಾಮಂತರಾಗಿ ಬೆಳೆದವರು, ಅಂಥ ಮನೆತನದ ಮುದುಕ ಪ್ರಧಾನಿಯೊಬ್ಬ ತಾತನ ಕಾಲದ ಟೋಪಿಯನ್ನು ಬಿಡದೆ ಇಟ್ಟುಕೊಂಡಿದ್ದರೆ ಅದು ಪಾತ್ರಕ್ಕೆ ಬಣ್ಣ ಕೊಡುತ್ತದೆಯೇ ಹೊರತು ಕೆಡಿಸುವುದಿಲ್ಲ.

ಆಭರಣಗಳ ವಿಷಯದಲ್ಲಿಯೂ ಇಂಥದೇ ಅಸಡ್ಡೆ. ಪೆಟ್ಟಿಗೆಯ ತುಂಬ ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕು. ಅದರ ಜೊತೆಗೆ ಯಕ್ಷಗಾನದ ಹಳೆಯ ಸೆಟ್ಟೊಂದು. ದಳವಾಯಿಗೆ ಭುಜಕೀರ್ತಿಯನ್ನೂ ಎದೆಹಾರವನ್ನೂ ಹಾಕಿದರೆ ಗಂಭೀರವಾಗಿರುತ್ತದೆ ಎಂದು ಅಂಗಡಿಯವರು ಒತ್ತಾಯಿಸಿದರು. ಹಗುರವಾದ ಮರಕ್ಕೆ ಬೇಗಡೆ ಅಂಟಿಸಿ ಮಾಡಿದ ಆ ಆಭರಣಗಳು ನಿಜಕ್ಕೂ ಸೊಗಸಾಗಿದ್ದವು. ಆದರೆ ಅವು ಯಕ್ಷಗಾನದ ಮುಖವರ್ಣಿಕೆ, ಕುಣಿತ ಮತ್ತು ಮಾತಿನ ಎತ್ತರಕ್ಕೆ ಹೊಂದುವಂತೆ ಬೆಳೆದು ಬಂದವು. ಕೈಮಗ್ಗದ ಕಂದು ಅಂಗಿಯ ಮೇಲೆ ಇಟ್ಟರೆ ಎರಡಕ್ಕೂ ಅನ್ಯಾಯ. ನಾವು ಬೇಡವೆಂದೆವು. ಸಾಗರ, ಸೊರಬದ ಗುಡಿಗಾರರು ಬೆಂಡಿನಲ್ಲಿಯೂ ಮರದಲ್ಲಿಯೂ ನಯವಾದ ಕೆಲಸ ಮಾಡುವವರು. ಅವರಿಂದ ಕಾಲಕ್ಕೆ ಹೊಂದುವ ಸರಳ ಒಡವೆಗಳನ್ನು ಮಾಡಿಸಿ ಇಟ್ಟುಕೊಂಡರೆ ಈ ಅಂಗಡಿಯ ಅರ್ಧ ಕೊರತೆ ನೀಗುತ್ತದೆ ಎಂದು ಅವರಿಗೇ ಹೇಳಿ ಬಂದಿದ್ದೇನೆ. ಪಾದರಕ್ಷೆಗಳು ರೆಕ್ಸಿನ್ನಿನವು, ಹಲಗೆಯ ಮೇಲೆ ಕಿರುಗುಟ್ಟುತ್ತವೆ, ಬರಿಗಾಲೇ ಲೇಸು.

ಇನ್ನು ವ್ಯವಹಾರ. ಸಿದ್ಧವಿರುವ ಸಾದಾ ಉಡುಪಿಗೆ ಒಂದು ಪ್ರದರ್ಶನಕ್ಕೆ 250 ರೂಪಾಯಿ, ಪೂರ್ತಿ ರಾಜನ ಸೆಟ್ಟಿಗೆ 700 ರೂಪಾಯಿ ಬಾಡಿಗೆ, ಅಷ್ಟೇ ಮೊತ್ತದ ಠೇವಣಿ. ಹೊಸದಾಗಿ ಹೊಲಿಸುವವರಿಗೆ ಅವರದೊಂದು ಪದ್ಧತಿ ಇದೆ: ಬಟ್ಟೆಯ ಖರ್ಚು ನಮ್ಮದು, ಹೊಲಿಗೆಯ ಕೂಲಿ ಅವರದು; ಪ್ರದರ್ಶನಗಳು ಮುಗಿದ ಮೇಲೆ ಉಡುಪು ಅಂಗಡಿಗೆ ಸೇರುತ್ತದೆ, ಮುಂದೆ ನಮ್ಮ ತಂಡಕ್ಕೆ ಬೇಕಾದಾಗ ಅರ್ಧ ಬಾಡಿಗೆ. ಉಡುಪುಗಳನ್ನು ಇಡಲು ಜಾಗವಿಲ್ಲದ ಹವ್ಯಾಸಿ ತಂಡಗಳಿಗೆ ಇದು ವರವೇ ಸರಿ. ಎಲ್ಲ ಹೊಲಿಗೆಯ ಒಳಗೂ ಎರಡು ಇಂಚು ಬಟ್ಟೆ ಮಡಚಿ ಬಿಟ್ಟಿರುತ್ತಾರೆ, ಆದ್ದರಿಂದ ನಟ ಬದಲಾದರೂ ಬಿಚ್ಚಿ ಹೊಂದಿಸಬಹುದು. ಕಂಕುಳಿಗೆ ಬಿಡಿಯಾಗಿ ತೆಗೆದು ಒಗೆಯಬಹುದಾದ ಅಸ್ತರು ಹಾಕಿರುವುದು ನಟರ ಮೇಲಿನ ದಯೆ ಎಂದೇ ಹೇಳಬೇಕು.

ಆದರೆ ಮಳೆಗಾಲದಲ್ಲಿ ಇಲ್ಲಿಂದ ಉಡುಪು ತರುವವರು ಮೂಸಿ ನೋಡಿ ತರುವುದು ಒಳ್ಳೆಯದು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಗಾಳಿಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಹಿಂದಿನ ಕೋಣೆಯ ಗೋಡೆಗೆ ತಾಗಿದ ಕಪಾಟಿನಲ್ಲಿದ್ದ ಹಳೆಯ ಮಖಮಲ್ಲಿನ ಉಡುಪುಗಳಿಗೆ ಬೂಷ್ಟು ಹಿಡಿದಿತ್ತು, ನುಸಿಗುಳಿಗೆಯ ವಾಸನೆ ಅದನ್ನು ಮುಚ್ಚಲಾರದೆ ಎರಡೂ ಸೇರಿ ತಲೆನೋವು ತರುವಂತಿತ್ತು. ಹತ್ತಿಯ ಉಡುಪುಗಳನ್ನು ಒಗೆದು, ಇದ್ದಿಲ ಒಲೆಯ ಮೇಲೆ ಬಿದಿರ ಬುಟ್ಟಿ ಕವುಚಿ ಅದರ ಮೇಲೆ ಹರವಿ ಒಣಗಿಸುತ್ತಾರೆ. ಅವು ಚೆನ್ನಾಗಿಯೇ ಇರುತ್ತವೆ. ಮಾತು ಕೊಟ್ಟ ದಿನಕ್ಕೆ ಕೊಡುವುದರಲ್ಲಿಯೂ ಅಂಗಡಿ ಹಿಂದೆ. ನಮ್ಮ ಜಾಮಾಗಳ ಕಸೆಗಳನ್ನು ರಂಗತಾಲೀಮಿನ ಮುಂಜಾನೆ ಗ್ರೀನ್ ರೂಮಿನಲ್ಲಿ ಕುಳಿತು ಹೊಲಿದುಕೊಟ್ಟರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಆದರೆ ಹೊಸ ಉಡುಪಿನಲ್ಲಿ ಕತ್ತಿವರಸೆ ಅಭ್ಯಾಸ ಮಾಡಲು ನಟರಿಗೆ ಸಿಗಬೇಕಾದ ಸಮಯ ಸಿಗಲಿಲ್ಲ. ನಿಜವಾದ ದಿನಕ್ಕಿಂತ ಒಂದು ವಾರ ಹಿಂದಿನ ತಾರೀಖನ್ನೇ ಪ್ರದರ್ಶನದ ತಾರೀಖೆಂದು ಹೇಳುವ ಕಿಲಾಡಿತನ ಊರಿನ ಕೆಲವು ತಂಡಗಳಲ್ಲಿ ಇದೆಯೆಂದು ಆಮೇಲೆ ತಿಳಿಯಿತು.

ಪೌರಾಣಿಕ ನಾಟಕಕ್ಕೆ ಥಳಥಳಿಸುವ ಸೆಟ್ಟು ಬೇಕಾದವರು ಇಲ್ಲಿಗೆ ಬರಬೇಕಾಗಿಲ್ಲ, ಅದಕ್ಕೆ ಬೇರೆ ಅಂಗಡಿಗಳು ಸಾಕು. ಇತಿಹಾಸದ ನಾಟಕ ಆಡುವವರು, ಅದರಲ್ಲೂ ಕೆಳದಿಯ ಕಥೆಯನ್ನೋ ಅದರ ಹತ್ತಿರದ ಕಾಲವನ್ನೋ ಎತ್ತಿಕೊಂಡವರು, ಡಿಸೆಂಬರಿನಲ್ಲಿ ಶಾಲೆಗಳ ನೂಕುನುಗ್ಗಲು ಶುರುವಾಗುವ ಮೊದಲೇ ಹೋಗಿ ಮಾತಾಡಿಕೊಳ್ಳಬೇಕು. ಫೋನಿನಲ್ಲಿ ಅವರು ಏನನ್ನೂ ಒಪ್ಪಿಕೊಳ್ಳುವುದಿಲ್ಲ. ಮಧ್ಯಾಹ್ನದ ಊಟದ ನಂತರ ಹೋದರೆ ಮಾಸ್ಟರ್ ಬಿಡುವಾಗಿ ಸಿಗುತ್ತಾರೆ; ಪಾತ್ರಗಳ ಪಟ್ಟಿ, ನಟರ ಅಳತೆ, ಯಾವ ದೃಶ್ಯಕ್ಕೆ ಯಾವ ಬೆಳಕು ಎಂಬ ವಿವರ ಕೈಯಲ್ಲಿರಲಿ. ಪೇಟವನ್ನು ಮಾತ್ರ ಅವರ ಕಪಾಟಿನಿಂದ ತೆಗೆದುಕೊಳ್ಳದೆ, ರುಮಾಲು ಕಟ್ಟಲು ಬರುವ ಹಿರಿಯರೊಬ್ಬರನ್ನು ನಿಮ್ಮ ಊರಿನಲ್ಲೇ ಹುಡುಕಿಕೊಳ್ಳಿ.